ಎರಡನೇ ಮಹಡಿಯವರು ಹೋದರು

ಒಂದು ಕ್ರಿಯಾಪದ ಇಪ್ಪತ್ತು ವರ್ಷಗಳಿಂದ ನನ್ನನ್ನು ಬಿಟ್ಟಿಲ್ಲ. 2004ರ ಚಳಿಗಾಲದಲ್ಲಿ ಅದನ್ನು ಹ್ಯಾಂಬರ್ಗಿನ ಒಂದು ಅಡುಗೆಮನೆಯಲ್ಲಿ ಕೇಳಿದೆ. ಓದಲೆಂದು ಅಲ್ಲಿಗೆ ಹೋಗಿದ್ದ ನಾನು ವಯಸ್ಸಾದ ಹೆಂಗಸೊಬ್ಬರ ಮನೆಯಲ್ಲಿ ಕೋಣೆ ಹಿಡಿದಿದ್ದೆ. ಅವರಿಗೆ ಆಗ ಎಪ್ಪತ್ತೈದು. ಎದುರಿಗೆ ಅಲ್ಲಿನ ರೂಢಿಯಂತೆ ಮನೆತನದ ಹೆಸರು ಹಿಡಿದು ಮಾತಾಡಿಸುತ್ತಿದ್ದೆ, ಮನಸ್ಸಿನಲ್ಲಿ ಮಾತ್ರ ಅಜ್ಜಿ ಎಂದೇ ಕರೆಯುತ್ತಿದ್ದೆ. ನಾಲ್ಕು ಗಂಟೆಗೇ ಕತ್ತಲು ಕವಿಯುವ ಡಿಸೆಂಬರಿನ ಒಂದು ಸಂಜೆ ಅಜ್ಜಿ ತಗಡಿನ ಡಬ್ಬಿಯೊಂದನ್ನು ತಂದು ಮೇಜಿನ ಮೇಲೆ ಸುರಿದರು. ಹೆಬ್ಬೆರಳ ಉಗುರಿನಷ್ಟು ಸಣ್ಣ ಗೊಂಬೆಗಳು, ಬಿಲ್ಲೆಗಳು. ಕೆಲವು ಮರದವು, ಕೆಲವು ಗಾಜಿನವು, ಕೆಲವು ಪಿಂಗಾಣಿಯವು. ಹಕ್ಕಿ, ಹೂವು, ಚಿಟ್ಟೆ, ಕುದುರೆ ಏರಿದ ಸವಾರ. ಒಂದೊಂದಾಗಿ ಎತ್ತಿ ಸಾಲಾಗಿ ಇಡುತ್ತಾ ಹೋದಂತೆ ಅವರ ಮುಖಕ್ಕೆ ನಾನು ಅದುವರೆಗೆ ನೋಡಿರದ ಕಳೆ ಬಂತು. ಹತ್ತು ವರ್ಷದ ಹುಡುಗಿಯೊಬ್ಬಳು ನನ್ನ ಎದುರಿಗೆ ಕೂತು ತನ್ನ ಆಸ್ತಿ ತೋರಿಸುತ್ತಿದ್ದಳು.

1933ರ ಸೆಪ್ಟೆಂಬರಿನಲ್ಲಿ ನಾಜಿ ಸರ್ಕಾರ ಶುರುಮಾಡಿದ 'ಚಳಿಗಾಲದ ನೆರವು' ಎಂಬ ಚಂದಾ ಅಭಿಯಾನದ ಬಿಲ್ಲೆಗಳು ಅವು. ಬಡವರಿಗೆ ಕಲ್ಲಿದ್ದಲು, ಬಟ್ಟೆ, ಆಹಾರ ಕೊಡಲು ದುಡ್ಡು ಎತ್ತುತ್ತಿದ್ದರು. ಹುಂಡಿ ಕುಲುಕುತ್ತಾ ಬೀದಿಗೆ ಬಂದವರಿಗೆ ಕಾಸು ಹಾಕಿದರೆ ಒಂದು ಬಿಲ್ಲೆ ಸಿಗುತ್ತಿತ್ತು. ಕೋಟಿಗೆ ಚುಚ್ಚಿಕೊಂಡರೆ ಮುಂದಿನ ತಿರುವಿನಲ್ಲಿ ಇನ್ನೊಬ್ಬರು ಅಡ್ಡಗಟ್ಟುತ್ತಿರಲಿಲ್ಲ. ತಿಂಗಳ ಚಂದಾ ಕೊಟ್ಟ ಮನೆಯ ಬಾಗಿಲಿಗೆ ಅಂಟಿಸಲು ಬೇರೆಯೇ ಚೀಟಿ ಇತ್ತು. ಅಜ್ಜಿಯೂ ಹತ್ತು ತುಂಬಿದ ವರ್ಷ, 1939ರಲ್ಲಿ, ನಾಜಿಗಳ ಹುಡುಗಿಯರ ದಳಕ್ಕೆ ಸೇರಿ ಹುಂಡಿ ಹಿಡಿದು ತಿರುಗಿದವರು. "ಕೈ ಮರಗಟ್ಟುತ್ತಿತ್ತು, ಆದರೂ ಹಾಡುತ್ತಿದ್ದೆವು. ಹಾಡುಗಳು ಎಷ್ಟು ಚೆನ್ನಾಗಿದ್ದವು ಗೊತ್ತಾ?" ಎಂದರು. ನಿಮ್ಮ ಕಟ್ಟಡದಲ್ಲಿ ಎಲ್ಲರೂ ಕೊಡುತ್ತಿದ್ದರೇ ಎಂದು ಕೇಳಿದೆ. "ಎಲ್ಲರೂ. ಎರಡನೇ ಮಹಡಿಯವರನ್ನು ಬಿಟ್ಟು. ಅವರನ್ನು ಕೇಳುವ ಹಾಗಿರಲಿಲ್ಲ, ಯಹೂದಿಗಳು." ಸ್ವಲ್ಪ ಹೊತ್ತು ಒಂದು ಗಾಜಿನ ಚಿಟ್ಟೆಯನ್ನು ದೀಪಕ್ಕೆ ಹಿಡಿದು ನೋಡಿದರು. "ಅವರ ಮನೆಯ ಹುಡುಗಿ ನನಗಿಂತ ಒಂದು ವರ್ಷ ದೊಡ್ಡವಳು. ಕುಂಟೆಬಿಲ್ಲೆಯಲ್ಲಿ ಅವಳನ್ನು ಸೋಲಿಸುವವರೇ ಇರಲಿಲ್ಲ. ಆಮೇಲೆ ಅವರು ಹೋದರು." ಎಲ್ಲಿಗೆ ಎಂದೆ. "ಹೋದರು. ಆಗ ತುಂಬಾ ಜನ ಹೋದರು."

ಅಷ್ಟೇ. ಬಿಲ್ಲೆಗಳು ಮತ್ತೆ ಡಬ್ಬಿಗೆ ಸೇರಿದವು, ಚಹಾ ಬಂತು. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಸರ್ವಾಧಿಕಾರಿಯ ಪ್ರಚಾರ ಎಂದರೆ ದೊಡ್ಡದೊಂದು ಸುಳ್ಳು, ಜನ ಅದನ್ನು ನಂಬಿ ಮೋಸ ಹೋಗುತ್ತಾರೆ, ಸತ್ಯ ತೋರಿಸಿದರೆ ಎಚ್ಚರವಾಗುತ್ತಾರೆ ಎಂದು ಅಲ್ಲಿಯವರೆಗೆ ನಂಬಿಕೊಂಡಿದ್ದೆ. ಆದರೆ ಮೇಜಿನ ಮೇಲೆ ಹರಡಿದ್ದ ಆ ಬಿಲ್ಲೆಗಳಲ್ಲಿ ಯಾವುದೂ ಸುಳ್ಳಾಗಿರಲಿಲ್ಲ. ಚಳಿಯಲ್ಲಿ ನಡುಗುವವರಿಗೆ ಕಂಬಳಿ ಕೊಡುವುದು ಒಳ್ಳೆಯ ಕೆಲಸ. ಮಗು ಅದಕ್ಕಾಗಿ ಬೀದಿ ಅಲೆದದ್ದೂ ಒಳ್ಳೆಯ ಮನಸ್ಸಿನಿಂದಲೇ. ನಡುಗುವವರ ಲೆಕ್ಕದಿಂದ ಯಾರನ್ನು ಮೊದಲೇ ತೆಗೆದುಹಾಕಿದ್ದರು ಎಂಬುದರಲ್ಲಿ ವಿಷವಿತ್ತು. 1935ರಿಂದ ಬಡ ಯಹೂದಿಗಳನ್ನು ಆ ನೆರವಿನಿಂದ ಹೊರಗಿಟ್ಟರು. ಅವರು ತಮ್ಮವರಿಗಾಗಿ ಬೇರೆಯೇ ನಿಧಿ ಕೂಡಿಸಿಕೊಳ್ಳಬೇಕಾಯಿತು. ಹುಂಡಿ ಹಿಡಿದ ಮಗುವಿಗೆ ಅದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಯಾವ ಬಾಗಿಲು ತಟ್ಟಬೇಕು, ಯಾವುದನ್ನು ದಾಟಿ ಮುಂದೆ ಹೋಗಬೇಕು ಎಂಬುದು ಅವಳ ಕಾಲಿಗೇ ಅಭ್ಯಾಸವಾಯಿತು.

ಐವತ್ತು ಫೆನಿಗ್ಗಿನ ಭಾನುವಾರ

ಅಂದಿನಿಂದ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಓದಿದಷ್ಟೂ ನನಗೆ ಗಟ್ಟಿಯಾಗುತ್ತಾ ಬಂದ ಅನಿಸಿಕೆ ಒಂದೇ: ಆ ಆಡಳಿತ ಜನರ ತಲೆಗಿಂತ ಮೊದಲು ಅವರ ಕೈಕಾಲು, ಬಾಯಿ, ಹೊಟ್ಟೆಯನ್ನು ಹಿಡಿಯಿತು. ನಂಬಿಕೆ ಹಿಂದಿನಿಂದ ಬಂತು. ಮಾಡಿದ್ದಕ್ಕೆ ಸಮಾಧಾನ ಹೇಳಿಕೊಳ್ಳಲು ಬಂತು.

ಊಟವನ್ನೇ ನೋಡಿ. 1933ರ ಅಕ್ಟೋಬರಿನಿಂದ, ಚಳಿಗಾಲದ ತಿಂಗಳುಗಳಲ್ಲಿ ತಿಂಗಳಿಗೊಂದು ಭಾನುವಾರ, ಇಡೀ ಜರ್ಮನಿ ಒಂದೇ ಪಾತ್ರೆಯಲ್ಲಿ ಬೇಯಿಸಿದ ಸರಳ ಊಟ ಮಾಡಬೇಕೆಂದು ಸರ್ಕಾರ ಹೇಳಿತು. ತಲೆಗೆ 50 ಫೆನಿಗ್ಗಿಗಿಂತ, ಅಂದರೆ ಅರ್ಧ ಮಾರ್ಕಿಗಿಂತ, ಹೆಚ್ಚು ಖರ್ಚಾಗಬಾರದು, ಉಳಿದ ದುಡ್ಡು ನೆರವು ನಿಧಿಗೆ. ಹೋಟೆಲುಗಳಿಗೂ ಅದೇ ನಿಯಮ. ಹಿಟ್ಲರ್, ಅವನ ಪ್ರಚಾರ ಮಂತ್ರಿ ಗೊಬೆಲ್ಸ್ ಅದೇ ಸಾರನ್ನು ಮುಂದಿಟ್ಟುಕೊಂಡು ಕೂತ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಮಧ್ಯಾಹ್ನ ವಸೂಲಿಯವರು ಬಾಗಿಲಿಗೆ ಬರುತ್ತಿದ್ದರು, ದುಡ್ಡು ಪಡೆಯುವಾಗ ಒಲೆಯ ಮೇಲಿನ ವಾಸನೆಯೂ ಅವರ ಮೂಗಿಗೆ ಬಡಿಯುತ್ತಿತ್ತು. ಹುರಿದ ಮಾಂಸದ ವಾಸನೆ ಬಂದರೆ? ಯಾವ ಶಿಕ್ಷೆಯೂ ಬೇಕಿರಲಿಲ್ಲ, ಆ ಸಂಕೋಚವೇ ಸಾಕಿತ್ತು. ಅಜ್ಜಿ ಆ ಊಟದ ಬಗ್ಗೆಯೂ ಹೇಳಿದ್ದರು. ವೈದ್ಯರ ಮನೆಯಲ್ಲೂ ಗಾಡಿ ಹೊಡೆಯುವವನ ಮನೆಯಲ್ಲೂ ಆ ದಿನ ಒಂದೇ ಊಟ ಎಂಬುದು ಅವರ ಅಪ್ಪನಿಗೆ ತುಂಬಾ ಹಿಡಿಸಿತ್ತಂತೆ. ದುಡಿಯುವ ಮನುಷ್ಯನಿಗೆ ಅದು ಹಿಡಿಸುವಂಥದ್ದೇ. ಆ ಸಮಾನತೆಯ ಸುಖ ಒಂದು ಗಳಿಗೆಯ ಮಟ್ಟಿಗೆ ನಿಜವಾದದ್ದು ಎಂಬುದನ್ನು ಒಪ್ಪದೆ ಹೋದರೆ ಆ ಕಾಲದ ಜನ ನಮಗೆ ಅರ್ಥವೇ ಆಗುವುದಿಲ್ಲ. ನಿರುದ್ಯೋಗದಲ್ಲಿ, ಸೋತ ಯುದ್ಧದ ಅವಮಾನದಲ್ಲಿ ಒಣಗಿದವರಿಗೆ 'ನಾವೆಲ್ಲ ಒಂದು' ಎಂಬ ಮಾತು ನೀರಿನ ಹಾಗೆ ಇಳಿಯಿತು. ಆ 'ನಾವು' ಯಾರನ್ನು ಹೊರಗಿಟ್ಟು ಆದ 'ನಾವು' ಎಂದು ಕುಡಿಯುವಾಗ ಯಾರು ಕೇಳುತ್ತಾರೆ?

ಕೈ ಎತ್ತಿ ಹಿಟ್ಲರನ ಹೆಸರು ಹೇಳುವ ವಂದನೆಯೂ ಹಾಗೆಯೇ. 1933ರ ಜುಲೈಯಲ್ಲಿ ಅದನ್ನು ಸರ್ಕಾರಿ ನೌಕರರಿಗೆ ಕಡ್ಡಾಯ ಮಾಡಿದರು. ಉಳಿದವರಿಗೆ ಅಂಗಡಿ, ಶಾಲೆ, ಮೆಟ್ಟಿಲುಗಳ ಮೇಲೆ ಅದು ತಾನಾಗಿ ಕಡ್ಡಾಯವಾಯಿತು. ನಂಬದವನೂ ಕೈ ಎತ್ತುತ್ತಿದ್ದ, ಯಾಕೆ ಸುಮ್ಮನೆ ತೊಂದರೆ ಎಂದು. ಆದರೆ ಅವನು ಎತ್ತಿದ ಕೈಯನ್ನು ಪಕ್ಕದಲ್ಲಿದ್ದ ಇನ್ನೊಬ್ಬ ನಂಬದವನು ನೋಡುತ್ತಿದ್ದ. ಅವನ ಲೆಕ್ಕಕ್ಕೆ ಇವನೂ ಭಕ್ತ, ಇವನ ಲೆಕ್ಕಕ್ಕೆ ಅವನೂ ಭಕ್ತ. ಹೀಗೆ ಇಬ್ಬರೂ ಒಬ್ಬಂಟಿಯಾದರು. ಒಂದು ದಿನಕ್ಕೆ ಹತ್ತಾರು ಸಲ ಕೈ ಎತ್ತುವ ಮನುಷ್ಯ ಎಷ್ಟು ವರ್ಷ ತನ್ನ ಕೈಯನ್ನು ಸುಳ್ಳು ಎಂದುಕೊಂಡು ಬದುಕಬಲ್ಲ? ಕೊನೆಗೊಂದು ದಿನ ಕೈಗೆ ತಕ್ಕಂತೆ ಮನಸ್ಸನ್ನೇ ಸ್ವಲ್ಪ ಸರಿಸಿಕೊಳ್ಳುತ್ತಾನೆ. ನನಗೆ ಈ ಇಡೀ ಇತಿಹಾಸದಲ್ಲಿ ಅತಿ ಹೆಚ್ಚು ಭಯ ಹುಟ್ಟಿಸುವುದು ಆ ಸಣ್ಣ ಸರಿಯುವಿಕೆ.

ಆಸೆಯ ಪಾಲೂ ದೊಡ್ಡದು. ಪ್ರತಿ ಕುಟುಂಬಕ್ಕೂ ಕಾರು ಎಂದು 1938ರಲ್ಲಿ ಯೋಜನೆ ಬಂತು. ವಾರಕ್ಕೆ 5 ಮಾರ್ಕ್ ಕಟ್ಟಿ ಪುಸ್ತಕಕ್ಕೆ ಸ್ಟಾಂಪು ಅಂಟಿಸುತ್ತಾ ಹೋದರೆ, 990 ಮಾರ್ಕ್ ಬೆಲೆಯ ಕಾರು ನಿಮ್ಮದು. ಸುಮಾರು 3,36,000 ಮಂದಿ ಕಟ್ಟಿದರು. ಯುದ್ಧ ಬಂತು, ಕಾರ್ಖಾನೆ ಸೇನೆಯ ವಾಹನ ಮಾಡಿತು, ಕಟ್ಟಿದವರಲ್ಲಿ ಒಬ್ಬರಿಗೂ ಆ ಆಡಳಿತದ ಕಾಲದಲ್ಲಿ ಕಾರು ಸಿಗಲಿಲ್ಲ. ಆದರೆ ಸ್ಟಾಂಪು ಅಂಟಿಸುತ್ತಿದ್ದ ಅಷ್ಟು ವಾರಗಳ ಕಾಲ ಅವರ ನಾಳೆ ಆ ನಾಯಕನ ಬಳಿ ಅಡವಿತ್ತು.

ಗುಂಡಿಗೆ ಕಟ್ಟಿದ ಚೀಟಿ

ಆ ಕಾಲದ ರೇಡಿಯೋ ಒಂದನ್ನು ಮ್ಯೂಸಿಯಮ್ಮಿನಲ್ಲಿ ಗಾಜಿನಾಚೆ ನೋಡಿದ್ದೇನೆ. ಕಪ್ಪು ಬಣ್ಣದ, ಗೋಪುರದಂತೆ ನೆಟ್ಟಗೆ ನಿಂತ ಪೆಟ್ಟಿಗೆ, ಮೇಲೆ ದುಂಡಗಿನ ಬಟ್ಟೆಯ ಜಾಲರಿ. 1933ರ ಆಗಸ್ಟಿನಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಬಿಡುಗಡೆಯಾದ 'ಜನರ ರೇಡಿಯೋ'. ಹೆಸರಿನ ಜೊತೆಗಿರುವ 301 ಎಂಬ ಅಂಕಿ ಹಿಟ್ಲರ್ ಅಧಿಕಾರಕ್ಕೆ ಬಂದ ಜನವರಿ 30ರ ನೆನಪಿಗೆ. ಬೆಲೆ 76 ಮಾರ್ಕ್. 1938ರಲ್ಲಿ ಇನ್ನೂ ಚಿಕ್ಕದೊಂದು 35 ಮಾರ್ಕಿಗೇ ಬಂತು. ಜನ ಅದಕ್ಕೆ 'ಗೊಬೆಲ್ಸನ ಮೂತಿ' ಎಂದು ಅಡ್ಡಹೆಸರಿಟ್ಟರು. 1941ರ ಹೊತ್ತಿಗೆ ಮೂರು ಮನೆಗಳಲ್ಲಿ ಎರಡರಲ್ಲಿ ರೇಡಿಯೋ ಇತ್ತು. ವಿದೇಶಿ ಕೇಂದ್ರ ಹಿಡಿಯದಂತೆ ಅದನ್ನು ಕಟ್ಟಿದ್ದರು ಎಂದು ಹಲವರು ಬರೆಯುತ್ತಾರೆ. ಅದು ಪೂರ್ತಿ ನಿಜವಲ್ಲ. ಸಂಜೆಯ ಮೇಲೆ ಒಳ್ಳೆಯ ಏರಿಯಲ್ ಕಟ್ಟಿದರೆ ಲಂಡನ್ ಕೂಡ ಸಿಗುತ್ತಿತ್ತು. ಹಾಗಾಗಿಯೇ 1939ರ ಸೆಪ್ಟೆಂಬರ್ 1ರಂದು, ಪೋಲೆಂಡಿನ ಮೇಲೆ ದಾಳಿ ಮಾಡಿದ ದಿನವೇ, ವಿದೇಶಿ ಪ್ರಸಾರ ಕೇಳುವುದನ್ನು ಅಪರಾಧ ಮಾಡಿದರು. ನಾನು ನೋಡಿದ ರೇಡಿಯೋದ ಗುಂಡಿಗೆ ರಟ್ಟಿನದೊಂದು ಚೀಟಿ ಸಿಕ್ಕಿಸಿತ್ತು: ವಿದೇಶಿ ಕೇಂದ್ರ ಕೇಳುವುದು ನಮ್ಮ ಜನರ ಭದ್ರತೆಯ ವಿರುದ್ಧದ ಅಪರಾಧ, ನೆನಪಿರಲಿ ಎಂಬ ಅರ್ಥದ್ದು.

ಆ ಚೀಟಿಯ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಪೊಲೀಸನನ್ನು ಮನೆಯೊಳಗೆ ನಿಲ್ಲಿಸುವ ಬದಲು ಅವನನ್ನು ಒಂದು ರಟ್ಟಿನ ಚೂರಾಗಿ ಮಾಡಿ ಬೆರಳಿಗೆ ತಗಲುವ ಜಾಗದಲ್ಲಿ ಇಟ್ಟಿದ್ದಾರೆ. ಗುಂಡಿ ತಿರುಗಿಸುವ ಅಪ್ಪ ಬಾಗಿಲ ಕಡೆ ನೋಡುತ್ತಾನೆ, ಆಮೇಲೆ ಮಗನ ಕಡೆ ನೋಡುತ್ತಾನೆ. ಮಗ ನಾಳೆ ದಳದ ಸಭೆಯಲ್ಲಿ ಏನು ಹೇಳಿಬಿಡುತ್ತಾನೋ. ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಎಂದರೆ ಎಲ್ಲೆಲ್ಲೂ ಕಣ್ಣಿದ್ದ ದೈತ್ಯ ಎಂದು ನಾವು ಕಲ್ಪಿಸಿಕೊಳ್ಳುತ್ತೇವೆ. ಉಳಿದಿರುವ ಕಡತಗಳನ್ನು ಜಾಲಾಡಿದ ಇತಿಹಾಸಕಾರರು ಕಂಡದ್ದೇ ಬೇರೆ: ಅವರ ಸಂಖ್ಯೆ ಚಿಕ್ಕದು, ಪ್ರಕರಣಗಳಲ್ಲಿ ಎಷ್ಟೋ ಶುರುವಾದದ್ದು ನೆರೆಯವರು, ಸಹೋದ್ಯೋಗಿಗಳು, ಮುನಿಸಿಕೊಂಡ ಬಂಧುಗಳು ಕೊಟ್ಟ ದೂರಿನಿಂದ. ಬರ್ಲಿನ್ನಿನ ಪಾದ್ರಿ ಬರ್ನ್‌ಹಾರ್ಡ್ ಲಿಷ್ಟೆನ್‌ಬರ್ಗ್ 1938ರ ನವೆಂಬರಿನಿಂದ ಪ್ರತಿ ಸಂಜೆ ಯಹೂದಿಗಳಿಗಾಗಿ ಬಹಿರಂಗವಾಗಿ ಪ್ರಾರ್ಥಿಸುತ್ತಿದ್ದರು. 1941ರಲ್ಲಿ ಅವರ ಮೇಲೆ ದೂರು ಕೊಟ್ಟವರು ಚರ್ಚಿಗೆ ಬಂದಿದ್ದ ಇಬ್ಬರು ವಿದ್ಯಾರ್ಥಿನಿಯರು. ಜೈಲು ಮುಗಿಸಿದ ಅವರನ್ನು ಡಾಖೌ ಯಾತನಾ ಶಿಬಿರಕ್ಕೆ ಸಾಗಿಸುತ್ತಿದ್ದಾಗ, 1943ರಲ್ಲಿ, ದಾರಿಯಲ್ಲೇ ತೀರಿಕೊಂಡರು. ಆ ಇಬ್ಬರು ಹುಡುಗಿಯರಿಗೆ ಎಷ್ಟು ವಯಸ್ಸಿದ್ದಿರಬಹುದು ಎಂದು ಯೋಚಿಸುತ್ತೇನೆ. ಹೆಚ್ಚೆಂದರೆ ಇಪ್ಪತ್ತರ ಆಚೀಚೆ. ಶಾಲೆಯ ಮುಖ್ಯ ವರ್ಷಗಳೆಲ್ಲ ಆ ರೇಡಿಯೋದ ಎದುರೇ ಕಳೆದಿದ್ದವು.

ರೇಡಿಯೋದಲ್ಲಿ ದಿನವಿಡೀ ಭಾಷಣ ಬರುತ್ತಿತ್ತು ಎಂದುಕೊಂಡರೆ ತಪ್ಪು. ಬೇಸರ ಹಿಡಿಸಬೇಡಿ ಎಂದು ಗೊಬೆಲ್ಸ್ 1933ರ ಮಾರ್ಚಿನಲ್ಲೇ ರೇಡಿಯೋ ಅಧಿಕಾರಿಗಳಿಗೆ ತಾಕೀತು ಮಾಡಿದ್ದ. ಹೆಚ್ಚಿನ ಹೊತ್ತು ಸಂಗೀತ, ಹಾಸ್ಯ, ಯುದ್ಧ ಶುರುವಾದ ಮೇಲೆ ಸೈನಿಕರು ಕೇಳಿಕೊಂಡ ಹಾಡುಗಳ ಕಾರ್ಯಕ್ರಮ. ಮನೆಯವರೆಲ್ಲ ಒಟ್ಟಿಗೆ ಕೂತು ಕೇಳುವಂಥದ್ದು. ನಡುವೆ ಸ್ವಲ್ಪ ಮಾತು. ಆ ಮಾತು ಎಲ್ಲರ ಮೇಲೂ ಒಂದೇ ಥರ ಕೆಲಸ ಮಾಡಲಿಲ್ಲ ಎಂಬುದೂ ಈಚೆಗೆ ತಿಳಿದಿದೆ. ಯಹೂದಿ ದ್ವೇಷ ಶತಮಾನಗಳಿಂದ ಬೇರೂರಿದ್ದ ಊರುಗಳಲ್ಲಿ ರೇಡಿಯೋ ಅದನ್ನು ಹೆಚ್ಚಿಸಿತು. ಅಂಥ ಹಿನ್ನೆಲೆ ಇಲ್ಲದ ಊರುಗಳಲ್ಲಿ ಕೆಲವೊಮ್ಮೆ ತಿರುಗುಬಾಣವಾಯಿತು. ಬೀಜ ಮಣ್ಣಿನಲ್ಲಿ ಮೊದಲೇ ಇತ್ತು, ಪ್ರಚಾರ ನೀರು ಹಾಯಿಸಿತು.

ಅದೇ ಹ್ಯಾಂಬರ್ಗಿನಲ್ಲಿ ಕೂದಲು ಉದ್ದ ಬಿಟ್ಟು, ಇಂಗ್ಲಿಷರ ಹಾಗೆ ಉಡುಪು ತೊಟ್ಟು, ನಿಷಿದ್ಧ ಜಾಜ್ ತಾಳಕ್ಕೆ ಕುಣಿಯುತ್ತಿದ್ದ ಹುಡುಗ ಹುಡುಗಿಯರೂ ಇದ್ದರು. ನಾಜಿ ವಂದನೆಯನ್ನು ಅಣಕಿಸಿ 'ಸ್ವಿಂಗ್ ಹೈಲ್' ಎಂದು ಒಬ್ಬರನ್ನೊಬ್ಬರು ಕರೆಯುತ್ತಿದ್ದರು. 1941ರ ಆಗಸ್ಟಿನಲ್ಲಿ ಅವರಲ್ಲಿ 300ಕ್ಕೂ ಹೆಚ್ಚು ಮಂದಿಯನ್ನು ಹಿಡಿದರು. ಮುಂದಾಳುಗಳನ್ನು ಶಿಬಿರಕ್ಕೆ ಹಾಕಿ, ಅಲ್ಲಿ ಮೊದಲು ಹೊಡೆತ ಬೀಳಲಿ ಎಂದು 1942ರ ಜನವರಿಯಲ್ಲಿ ಹಿಮ್ಲರ್ ಪತ್ರ ಬರೆದ. ದೇಶದ ಪೊಲೀಸ್ ಮುಖ್ಯಸ್ಥ, ಮಹಾಯುದ್ಧದ ನಡುವೆ, ಹದಿಹರೆಯದವರ ಕುಣಿತಕ್ಕಾಗಿ ಪತ್ರ ಬರೆಯಲು ಕೂತ. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ರಾಜಕೀಯ ಸಿದ್ಧಾಂತ ಯಾವುದೂ ಇರಲಿಲ್ಲ. ಎಲ್ಲರ ಕಾಲೂ ಒಂದೇ ತಾಳಕ್ಕೆ ಬೀಳಬೇಕು ಎಂಬ ಆಡಳಿತಕ್ಕೆ ಬೇರೆ ತಾಳಕ್ಕೆ ಬಿದ್ದ ಕಾಲೇ ದ್ರೋಹವಾಗಿ ಕಂಡಿತು.

ಮಾತು, ಲೆಕ್ಕ

ಡ್ರೆಸ್ಡೆನ್ನಿನಲ್ಲಿ ವಿಕ್ಟರ್ ಕ್ಲೆಂಪರರ್ ಎಂಬ ಪ್ರಾಧ್ಯಾಪಕರಿದ್ದರು. ಹುಟ್ಟಿನಿಂದ ಯಹೂದಿ, ಮತದಿಂದ ಪ್ರಾಟೆಸ್ಟೆಂಟ್, ಮೊದಲ ಮಹಾಯುದ್ಧದಲ್ಲಿ ಜರ್ಮನಿಗಾಗಿ ಹೋರಾಡಿದವರು. 1935ರಲ್ಲಿ ಕೆಲಸ ಹೋಯಿತು, ಆಮೇಲೆ ಗ್ರಂಥಾಲಯ, ಮನೆ, ಟೈಪ್‌ರೈಟರ್ ಒಂದೊಂದಾಗಿ ಹೋದವು. ಭಾಷೆಯ ವಿದ್ವಾಂಸರಿಗೆ ಪುಸ್ತಕವಿಲ್ಲದಾಗ ಕಿವಿ ಒಂದೇ ಉಳಿಯಿತು. ಸುತ್ತಲಿನವರು ಆಡುವ ಮಾತನ್ನೇ ದಿನಚರಿಯಲ್ಲಿ ಬರೆದಿಡತೊಡಗಿದರು. ಮೊದಲು ಬೈಗುಳವಾಗಿದ್ದ 'ಮತಾಂಧ' ಎಂಬರ್ಥದ ಶಬ್ದ ಹೊಗಳಿಕೆಯಾಗಿ ತಿರುಗಿದ್ದನ್ನು ಅವರು ಗಮನಿಸಿದರು. ಮತಾಂಧ ನಿಷ್ಠೆ, ಮತಾಂಧ ಪ್ರೀತಿ ಎಂದೆಲ್ಲ ಪತ್ರಿಕೆಗಳು ಮೆಚ್ಚಿ ಬರೆಯುತ್ತಿದ್ದವು. ಸಂಘ, ಪತ್ರಿಕೆ, ವಿಶ್ವವಿದ್ಯಾಲಯಗಳನ್ನೆಲ್ಲ ಪಕ್ಷದ ಹಿಡಿತಕ್ಕೆ ತಂದ ಕ್ರಿಯೆಗೆ ಇಟ್ಟ ಹೆಸರು ವಿದ್ಯುತ್ತಿನ ಪರಿಭಾಷೆಯಿಂದ ಬಂದದ್ದು, ಬೇರೆ ಬೇರೆ ತಂತಿಗಳನ್ನು ಒಂದೇ ಸ್ವಿಚ್ಚಿಗೆ ಜೋಡಿಸುವುದು ಎಂಬ ಅರ್ಥದ್ದು. ಕೊಲ್ಲುವುದಕ್ಕೆ 'ವಿಶೇಷ ಉಪಚಾರ' ಎಂದರು. ಊರಿನಿಂದ ಎಳೆದು ಸಾಗಿಸುವುದಕ್ಕೆ 'ಸ್ಥಳಾಂತರ' ಎಂದರು, ಕೆಲವು ಕಡತಗಳಲ್ಲಿ 'ವಲಸೆ' ಎಂದೂ ಬರೆದರು. ಎಳೆದವರು ಯಾರು ಎಂದು ಕೇಳದಂತೆ, ಹೋದವರೇ ಆ ಕ್ರಿಯೆಯ ಕರ್ತೃಗಳು ಎನ್ನುವಂತೆ. ಅಜ್ಜಿಯ 'ಹೋದರು' ಎಲ್ಲಿಂದ ಬಂತು ಎಂದು ನನಗೆ ಆಗ ತಿಳಿಯಿತು. ಅವರು ಏನನ್ನೂ ಮುಚ್ಚಿಡುತ್ತಿರಲಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ದೊಡ್ಡವರ ಬಾಯಿಂದ ಕೇಳಿದ ಕ್ರಿಯಾಪದವನ್ನೇ ಎಪ್ಪತ್ತೈದರಲ್ಲೂ ಬಳಸುತ್ತಿದ್ದರು.

ಶಾಲೆಯ ಗಣಿತವನ್ನೂ ಬಿಡಲಿಲ್ಲ. ಆ ಕಾಲದ ಪಠ್ಯದಲ್ಲಿ ಇಂಥದೊಂದು ಲೆಕ್ಕವಿದೆ: ಒಂದು ಹುಚ್ಚಾಸ್ಪತ್ರೆ ಕಟ್ಟಲು 60 ಲಕ್ಷ ಮಾರ್ಕ್ ತಗಲಿತು. ತಲಾ 15,000 ಮಾರ್ಕಿನಂತೆ ಆ ದುಡ್ಡಿನಲ್ಲಿ ಎಷ್ಟು ಮನೆ ಕಟ್ಟಬಹುದಿತ್ತು? ಉತ್ತರ 400. ಭಾಗಾಕಾರ ಸರಿಯಾಗಿಯೇ ಇದೆ. ಮೇಷ್ಟ್ರು ಕೆಂಪು ಪೆನ್ಸಿಲಿನಲ್ಲಿ ಸರಿ ಗುರುತು ಹಾಕಿರುತ್ತಾರೆ, ಮಗು ಖುಷಿಯಾಗಿ ಮನೆಗೆ ಹೋಗಿರುತ್ತದೆ. ಮಾನಸಿಕ ರೋಗಿಗಳು ಬದುಕಿರುವುದು ತಪ್ಪು ಎಂದು ಆ ಲೆಕ್ಕದಲ್ಲಿ ಎಲ್ಲೂ ಹೇಳಿರಲಿಲ್ಲ. ಅವರನ್ನು ಮನೆಗಳ ಎದುರು ತಕ್ಕಡಿಯಲ್ಲಿ ಇಡಬಹುದು ಎಂಬುದನ್ನಷ್ಟೇ ಕಲಿಸಿದರು. 1941ರ ಆಗಸ್ಟಿನ ಹೊತ್ತಿಗೆ ಅಂಥ 70,000ಕ್ಕೂ ಹೆಚ್ಚು ಮಂದಿಯನ್ನು ಆಸ್ಪತ್ರೆಗಳಿಂದ ಸಾಗಿಸಿ ಅನಿಲ ಹಾಯಿಸಿ ಕೊಂದಾಗಿತ್ತು. ಆ ತಿಂಗಳು 3ರಂದು ಮ್ಯೂನ್‌ಸ್ಟರಿನ ಬಿಷಪ್ ಫಾನ್ ಗಾಲೆನ್ ಚರ್ಚಿನಲ್ಲಿ ನಿಂತು ಇದು ಕೊಲೆ ಎಂದು ಬಾಯಿಬಿಟ್ಟು ಹೇಳಿದರು. ಆ ಪ್ರವಚನದ ಪ್ರತಿಗಳು ಕೈಯಿಂದ ಕೈಗೆ ಹೋದವು. 24ರಂದು ಹಿಟ್ಲರ್ ಅನಿಲದ ಕೊಲೆಗಳನ್ನು ನಿಲ್ಲಿಸಲು ಹೇಳಿದ. ಆಮೇಲೆ ಅದೇ ಕೆಲಸ ಆಸ್ಪತ್ರೆಗಳೊಳಗೆ ಔಷಧಿಯಿಂದ, ಉಪವಾಸದಿಂದ ಸದ್ದಿಲ್ಲದೆ ಮುಂದುವರಿಯಿತು. ಬಿಷಪರನ್ನು ಮುಟ್ಟುವ ಧೈರ್ಯ ಆಡಳಿತಕ್ಕೆ ಬರಲಿಲ್ಲ. ಈ ಪ್ರಸಂಗದಿಂದ ನನಗೆ ಸಮಾಧಾನಕ್ಕಿಂತ ಸಂಕಟವೇ ಹೆಚ್ಚು. ತಮ್ಮದೇ ಮನೆಯ ಅಣ್ಣ, ಅಕ್ಕ, ಅತ್ತೆ ಸತ್ತಾಗ ಜನಕ್ಕೆ ಗೊತ್ತಾಯಿತು, ಸಿಟ್ಟು ಬಂತು, ಬಾಯಿ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ನೆರೆಮನೆ ಖಾಲಿಯಾದಾಗ ಆ ಬಾಯಿ ಎಲ್ಲಿಗೆ ಹೋಯಿತು? ಆರು ಚಳಿಗಾಲ ಆ ಬಾಗಿಲು ತಟ್ಟದೆ ಮುಂದೆ ಹೋಗಿ ರೂಢಿಯಾಗಿತ್ತು.

ಹ್ಯಾಂಬರ್ಗಿನಿಂದ ಮೊದಲ ರೈಲು ಹೊರಟದ್ದು 1941ರ ಅಕ್ಟೋಬರ್ 25ರಂದು, ಪೋಲೆಂಡಿನ ಲೋಡ್ಜ್‌ಗೆ, 1,000ಕ್ಕೂ ಹೆಚ್ಚು ಜನರನ್ನು ಹೊತ್ತು. ಅವರನ್ನು ಸೇರಿಸಿದ್ದು ವಿಶ್ವವಿದ್ಯಾಲಯದ ಪಕ್ಕದಲ್ಲೇ ಇರುವ ಮೋರ್‌ವೈಡೆ ಎಂಬ ಹುಲ್ಲುಬಯಲಿನ ಬದಿಯಲ್ಲಿ. ತರಗತಿ ಮುಗಿಸಿ ಸ್ಟೇಷನ್ನಿಗೆ ಹೋಗಲು ನಾನು ದಿನವೂ ಅದನ್ನೇ ದಾಟುತ್ತಿದ್ದೆ. ಅಲ್ಲೊಂದು ದೊಡ್ಡ ಕಲ್ಲಿನ ಸ್ಮಾರಕವಿದೆ. ಅದು ಏನೆಂದು ಓದಿ ನೋಡಲು ನನಗೆ ಮೂರು ತಿಂಗಳು ಬೇಕಾಯಿತು.

ದೀಪದ ಕಂಬಗಳು

2005ರ ಏಪ್ರಿಲಿನಲ್ಲಿ ಬರ್ಲಿನ್ನಿಗೆ ಹೋದೆ. ಷೋನೆಬರ್ಗಿನಲ್ಲಿ 'ಬವೇರಿಯನ್ ಕ್ವಾರ್ಟರ್' ಎನ್ನುವ ಶಾಂತವಾದ ವಸತಿ ಪ್ರದೇಶವಿದೆ. ಒಂದು ಕಾಲಕ್ಕೆ ಐನ್‌ಸ್ಟೈನ್ ಅಲ್ಲಿದ್ದರು, ಅನುಕೂಲಸ್ಥ ಯಹೂದಿ ಕುಟುಂಬಗಳು ತುಂಬಾ ಇದ್ದವು. ರೆನಾಟಾ ಷ್ಟಿ ಮತ್ತು ಫ್ರೀಡರ್ ಷ್ನಾಕ್ ಎಂಬ ಕಲಾವಿದರು 1993ರಲ್ಲಿ ಅಲ್ಲಿನ ದೀಪದ ಕಂಬಗಳಿಗೆ 80 ಫಲಕಗಳನ್ನು ಕಟ್ಟಿದ್ದಾರೆ. ಒಂದು ಬದಿಯಲ್ಲಿ ಮಕ್ಕಳ ಅಕ್ಷರಮಾಲೆಯಲ್ಲಿ ಇರುವಂಥ ಬಣ್ಣದ ಚಿತ್ರ. ಇನ್ನೊಂದು ಬದಿಯಲ್ಲಿ ನಾಜಿ ಕಾಲದ ಒಂದು ಆದೇಶ, ತಾರೀಖಿನ ಸಮೇತ. ವಿವರಣೆಯಿಲ್ಲದೆ ಅವು ಮೊದಲು ಮೇಲೆದ್ದಾಗ, ನಾಜಿಗಳೇ ಮತ್ತೆ ಬಂದರೆಂದು ಹೆದರಿ ಕೆಲವರು ಪೊಲೀಸರಿಗೆ ಫೋನ್ ಮಾಡಿದರಂತೆ.

ಬ್ರೆಡ್ಡಿನ ಚಿತ್ರದ ಹಿಂದೆ: ಬರ್ಲಿನ್ನಿನಲ್ಲಿ ಯಹೂದಿಗಳು ಆಹಾರ ಕೊಳ್ಳುವುದು ಮಧ್ಯಾಹ್ನ 4ರಿಂದ 5ರವರೆಗೆ ಮಾತ್ರ, ಜುಲೈ 1940. ಇನ್ನೊಂದು ಕಂಬ: ಯಹೂದಿಗಳನ್ನು ಹಾಡುವ ಸಂಘಗಳಿಂದ ತೆಗೆಯಬೇಕು, ಆಗಸ್ಟ್ 1933. ಟೆಲಿಫೋನ್ ಕಡಿತ, 1940. ಸೋಪು ಇಲ್ಲ, 1941. ಮೊಟ್ಟೆ ಇಲ್ಲ, ಹಾಲಿಲ್ಲ, 1942. ಸಾಕುಪ್ರಾಣಿ ಇಟ್ಟುಕೊಳ್ಳುವ ಹಾಗಿಲ್ಲ, ಫೆಬ್ರವರಿ 1942. ಈ ಕೊನೆಯದರ ಕೆಳಗೆ ನಿಂತಾಗ ಕ್ಲೆಂಪರರ್ ನೆನಪಾದರು. ಅವರೂ ಹೆಂಡತಿ ಏವಾ ಕೂಡ ವರ್ಷಗಳಿಂದ ಸಾಕಿದ್ದ ಮುಷೆಲ್ ಎಂಬ ಬೆಕ್ಕನ್ನು ಆ ಆದೇಶದಿಂದಾಗಿ ಮೇ ತಿಂಗಳಲ್ಲಿ ಕೊಲ್ಲಿಸಬೇಕಾಯಿತು. ಯಾವ ರಾಜ್ಯ ಒಬ್ಬ ಮುದುಕನ ಬೆಕ್ಕಿಗೆ ಹೆದರುತ್ತದೆ? ಆದೇಶ ಮಾಡಿದವನಿಗೆ ಬೆಕ್ಕಿನಿಂದ ಆಗಬೇಕಾದದ್ದೇನೂ ಇರಲಿಲ್ಲ. ಮುಂದಿನ ಹೆಜ್ಜೆಗೆ ಎಲ್ಲರೂ ಒಗ್ಗಿಕೊಳ್ಳಬೇಕಿತ್ತು. ಒಂದು ಗಂಟೆಯ ಬ್ರೆಡ್ಡಿಗಾಗಿ ಯಾರು ದಂಗೆ ಏಳುತ್ತಾರೆ, ಸೋಪಿಗಾಗಿ ಯಾರು ಜೈಲಿಗೆ ಹೋಗುತ್ತಾರೆ? ಒಂದೊಂದೂ ಸಣ್ಣದು, ಹಿಂದಿನದನ್ನು ಸಹಿಸಿದ್ದರೆ ಇದನ್ನೂ ಸಹಿಸಬಹುದು ಎನ್ನುವಷ್ಟೇ ದೊಡ್ಡದು. ನಾನು ನೋಡುತ್ತಿದ್ದಂತೆ ಶಾಲೆ ಬಿಟ್ಟ ಮಕ್ಕಳು ಕಂಬಗಳ ಕೆಳಗೆ ಓಡುತ್ತಿದ್ದರು, ಒಬ್ಬಾಕೆ ಬ್ರೆಡ್ಡಿನ ಚೀಲ ಹಿಡಿದು ಬ್ರೆಡ್ಡಿನ ಚಿತ್ರದ ಅಡಿಯಲ್ಲೇ ಹಾದುಹೋದಳು.

ಇನ್ನೊಂದು ಬೀದಿಯ ಕಂಬದ ಮೇಲೆ ನೆಲದಲ್ಲಿ ಬಳಪದಿಂದ ಎಳೆದ ಮನೆಗಳ ಚಿತ್ರ. ಕುಂಟೆಬಿಲ್ಲೆಯ ಮನೆಗಳು. ಹಿಂದೆ ತಿರುಗಿ ಓದಿದೆ. ಆರ್ಯ ಮಕ್ಕಳೂ ಆರ್ಯರಲ್ಲದ ಮಕ್ಕಳೂ ಒಟ್ಟಿಗೆ ಆಡುವುದನ್ನು ನಿಷೇಧಿಸಲಾಗಿದೆ, 1938. ಅಜ್ಜಿಗೆ ಆಗ ಒಂಬತ್ತು.

ಬೀರು

ಹ್ಯಾಂಬರ್ಗಿನ ನನ್ನ ಕೋಣೆಯಲ್ಲಿ ಓಕ್ ಮರದ ಬೀರುವಿತ್ತು. ಕದದ ಒಳಬದಿಗೆ ಹಿತ್ತಾಳೆಯ ಚಿಕ್ಕ ತಗಡು, ಅದರ ಮೇಲೆ ಆಮ್‌ಸ್ಟರ್‌ಡ್ಯಾಮ್ ಎಂದು ಕೆತ್ತಿತ್ತು. ನಾನು ಬಂದ ದಿನವೇ ಅಜ್ಜಿ ಹೇಳಿದ್ದರು: "ಒಳ್ಳೆಯ ಬೀರು, ಜೋಪಾನ. ನಮ್ಮ ಮನೆ ಸುಟ್ಟುಹೋದ ಮೇಲೆ ಅಪ್ಪ ಬಂದರಿನ ಹರಾಜಿನಲ್ಲಿ ತಂದದ್ದು. ತುಂಬಾ ಅಗ್ಗಕ್ಕೆ ಸಿಕ್ಕಿತ್ತು." 1943ರ ಜುಲೈ ಕೊನೆಯಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು ಹಾಕಿದ ಬಾಂಬಿಗೆ ಹ್ಯಾಂಬರ್ಗಿನ ಪೂರ್ವ ಭಾಗ ಬೆಂಕಿಯ ಬಿರುಗಾಳಿಯಲ್ಲಿ ಬೂದಿಯಾಯಿತು, ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಜ್ಜಿಯನ್ನು ಅದಕ್ಕೆ ಮೊದಲೇ ಹಳ್ಳಿಗೆ ಕಳಿಸಿದ್ದರು. ಬಿಲ್ಲೆಗಳ ಡಬ್ಬಿ ಜೊತೆಗೆ ಹೋಗಿದ್ದರಿಂದ ಉಳಿಯಿತು. ಉಟ್ಟ ಬಟ್ಟೆಯಲ್ಲಿ ಹೊರಬಂದ ಅಪ್ಪ ಅಮ್ಮನಿಗೆ ಹಾಸಿಗೆ ಬೇಕಿತ್ತು, ಬೀರು ಬೇಕಿತ್ತು. ಆ ದುಃಖವನ್ನು ಹಗುರ ಮಾಡುವ ಹಕ್ಕು ನನಗಿಲ್ಲ.

ಆದರೆ ವರ್ಷಗಳ ಮೇಲೆ ಆ ಹರಾಜುಗಳ ಬಗ್ಗೆ ಓದಿದೆ. ಸಾಗಿಸಲ್ಪಟ್ಟ ಯಹೂದಿಗಳ ಮನೆಗಳನ್ನು ಸರ್ಕಾರ ಬರಿದು ಮಾಡಿ ಸಾಮಾನು ಮಾರುತ್ತಿತ್ತು. ಹಾಲೆಂಡಿನಂಥ ಆಕ್ರಮಿತ ದೇಶಗಳ ಮನೆಗಳಿಂದ ಎತ್ತಿದ್ದು ಹಡಗು ಹಡಗಾಗಿ ಹ್ಯಾಂಬರ್ಗಿನ ಬಂದರಿಗೆ ಬರುತ್ತಿತ್ತು. ಪತ್ರಿಕೆಗಳಲ್ಲಿ ಜಾಹೀರಾತು, ಬಹಿರಂಗ ಹರಾಜು, ಮೇಜುಬಟ್ಟೆ, ಕೋಟು, ಹೊಲಿಗೆ ಯಂತ್ರ. ಹ್ಯಾಂಬರ್ಗ್ ಮತ್ತು ಸುತ್ತಲಿನ ಕನಿಷ್ಠ 1,00,000 ಜನ ಕೊಂಡಿರಬಹುದೆಂದು ಇತಿಹಾಸಕಾರರ ಅಂದಾಜು. ಕೊಂಡವರು ಸಾಮಾನು ಯಾರದ್ದೆಂದು ಕೇಳುವ ಅಗತ್ಯವಿರಲಿಲ್ಲ, ಅವರು 'ಹೋಗಿದ್ದರು'. ಒಮ್ಮೆ ಆ ಬೀರಿನಲ್ಲಿ ಬಟ್ಟೆ ಮಡಿಸಿಟ್ಟ ಮೇಲೆ, ಅದರ ಒಡೆಯರು ಎಂದಾದರೂ ಮರಳಿ ಬರಲಿ ಎಂದು ಹಾರೈಸುವುದು ಯಾರಿಗೆ ಸುಲಭ? ಭಾಷಣ, ರೇಡಿಯೋ, ಗಣಿತ ಪುಸ್ತಕ ಎಲ್ಲ ಸೇರಿ ಮಾಡಲಾಗದ ಕೆಲಸವನ್ನು ಒಂದು ಬೀರು ಮಾಡಿರಬಹುದು ಎಂದು ನನಗೆ ಅನಿಸುತ್ತದೆ. ಆ ಹಿತ್ತಾಳೆಯ ತಗಡನ್ನೇ ಕಣ್ಣಾರೆ ನೋಡುತ್ತಾ ಎಂಟು ತಿಂಗಳು ಅದರಲ್ಲೇ ನನ್ನ ಬಟ್ಟೆ ಇಟ್ಟೆ.

1945ರಲ್ಲಿ ನಾಯಕ ಸತ್ತ, ಧ್ವಜ ಇಳಿಯಿತು. ಆಮೇಲಿನ ಮೂರ್ನಾಲ್ಕು ವರ್ಷ ಅಮೆರಿಕನ್ ಸೇನಾಡಳಿತ ನಡೆಸಿದ ಸಮೀಕ್ಷೆಗಳಲ್ಲಿ ಅರ್ಧದಷ್ಟು ಜರ್ಮನರು ನಾಜಿ ವಿಚಾರ ಒಳ್ಳೆಯದೇ ಇತ್ತು, ಜಾರಿಗೆ ತಂದದ್ದು ಕೆಟ್ಟದಾಯಿತು ಎಂದರು. 1996 ಮತ್ತು 2006ರ ಸಮೀಕ್ಷೆಗಳನ್ನು ಪರಿಶೀಲಿಸಿದ ಸಂಶೋಧಕರಿಗೆ, ಆ ಶಾಲೆಗಳಲ್ಲಿ ಓದಿ ಬೆಳೆದ ತಲೆಮಾರಿನಲ್ಲಿ ಯಹೂದಿ ದ್ವೇಷ ಅದಕ್ಕೆ ಹಿಂದಿನವರಿಗಿಂತಲೂ ಮುಂದಿನವರಿಗಿಂತಲೂ ಹೆಚ್ಚು ಉಳಿದಿದ್ದು ಕಂಡಿತು. ಅಜ್ಜಿಯಲ್ಲಿ ದ್ವೇಷದ ಸುಳಿವನ್ನು ನಾನು ಕಾಣಲಿಲ್ಲ. ಅವರಲ್ಲಿ ಉಳಿದದ್ದು ಹಾಡುಗಳು, ಬಿಲ್ಲೆಗಳು ಮತ್ತು ಆ ಕ್ರಿಯಾಪದ.

ಜೂನ್ ಕೊನೆಗೆ ಕೋಣೆ ಖಾಲಿ ಮಾಡಿದೆ. ಬೀರು ಒರೆಸಿ, ಕೀಲಿಯನ್ನು ಅದಕ್ಕೇ ಸಿಕ್ಕಿಸಿ, ಅಡುಗೆಮನೆಗೆ ಹೋಗಿ ಕೂತೆ. ಬರ್ಲಿನ್ನಿನಲ್ಲಿ ನೋಡಿದ ಕಂಬದ ಬಗ್ಗೆ ಹೇಳಿದೆ. ಕುಂಟೆಬಿಲ್ಲೆಯ ಚಿತ್ರ, ಅದರ ಹಿಂದಿನ ಸಾಲು. ಅಜ್ಜಿ ಏನೂ ಹೇಳಲಿಲ್ಲ. ಎರಡನೇ ಮಹಡಿಯ ಆ ಹುಡುಗಿಯ ಹೆಸರೇನು ಎಂದು ಕೇಳಿದೆ. ಮರೆತಿದ್ದೇನೆ ಎನ್ನುತ್ತಾರೆ ಎಂದುಕೊಂಡಿದ್ದೆ. ಒಂದು ಗಳಿಗೆಯೂ ಹುಡುಕದೆ ಹೇಳಿದರು, ಮೊದಲು ಪೂರ್ತಿ ಹೆಸರು, ಆಮೇಲೆ ಮನೆಯವರು ಕರೆಯುತ್ತಿದ್ದ ಮುದ್ದಿನ ಹೆಸರು. ಮೇಜಿನ ಅಂಚನ್ನು ಬೆರಳಿಂದ ಸವರುತ್ತಾ ಸ್ವಲ್ಪ ಹೊತ್ತು ಕೂತಿದ್ದು, ನನ್ನ ಕಡೆ ನೋಡದೆ ಅಂದರು: "ಯಾವಾಗಲೂ ಎಡಗಾಲಲ್ಲೇ ಕುಂಟುತ್ತಿದ್ದಳು."